‘ಸಂಶೋಧನೆ ಹೇಳ್ತದ’ ಅಂದ್ರೆ ಆ ಸಂಶೋಧನೆ ಎಲ್ಲಿದೆ? ಹುಡುಕಿ ಓದುವ ಬಗೆ, ಹಂತ ಹಂತವಾಗಿ

ಬೀದರ್‌ನ ನರ್ಸಿಂಗ್ ವಿದ್ಯಾರ್ಥಿನಿಯರು, ಕಲಬುರಗಿಯಲ್ಲಿ ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಓದುವವರು, ಯಾದಗಿರಿ ಕಡೆಯ ಆಶಾ ಕಾರ್ಯಕರ್ತೆಯರು, ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕೂತ ಇಂಜಿನಿಯರಿಂಗ್ ಹುಡುಗರು ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ: ‘ಪೇಪರಿನಾಗ ಸಂಶೋಧನೆಯಿಂದ ತಿಳಿದುಬಂದಿದೆ ಅಂತ ಬರ್ತದಲ್ಲ, ಆ ಸಂಶೋಧನೆ ನಮಗ ಓದ್ಲಿಕ್ಕ ಸಿಗ್ತದೇನ್ರಿ? ಸಿಕ್ಕರೂ ತಿಳೀತದೇನು?’ ಸಿಗುತ್ತದೆ. ಬಹಳಷ್ಟು ಸಲ ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತದೆ. ತಿಳಿಯುವುದಕ್ಕೂ ದೊಡ್ಡ ಪದವಿ ಬೇಡ. ಯಾವ ಪುಟ ಮೊದಲು ತೆರೆಯಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬುದು ಗೊತ್ತಿದ್ದರೆ ಆಯಿತು.

ಬೇಕಾಗುವುದು ಇಷ್ಟೇ: ಇಂಟರ್ನೆಟ್ ಇರುವ ಫೋನು, ಒಂದು ನೋಟ್‌ಬುಕ್, ಎಸ್ಸೆಸ್ಸೆಲ್ಸಿ ಮಟ್ಟದ ಇಂಗ್ಲಿಷ್, ಮತ್ತು ಒಂದು ಪ್ರಬಂಧಕ್ಕೆ ಎರಡು ತಾಸು ಕೊಡುವ ತಾಳ್ಮೆ. ಆರೋಗ್ಯ, ಕಂಪ್ಯೂಟರ್, ಸಮಾಜ ಕಲ್ಯಾಣ, ಈ ಮೂರು ಕ್ಷೇತ್ರಗಳಿಗೂ ದಾರಿ ಹೆಚ್ಚುಕಡಿಮೆ ಒಂದೇ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ಹಂತ 1: ಸುದ್ದಿಯಿಂದ ಪ್ರಬಂಧದ ಗುರುತು ಹಿಡಿಯಿರಿ

ಸುದ್ದಿಯಲ್ಲಿ ನಾಲ್ಕು ವಿವರ ಹುಡುಕಿ: ಯಾವ ಜರ್ನಲ್, ಅಂದರೆ ಸಂಶೋಧನಾ ಪತ್ರಿಕೆ, ಯಾವ ವರ್ಷ, ಯಾವ ಸಂಸ್ಥೆ, ಮುಖ್ಯ ಸಂಶೋಧಕರು ಯಾರು. ಇವುಗಳಲ್ಲಿ ಎರಡು ಸಿಕ್ಕರೂ ಗೂಗಲ್ ಸ್ಕಾಲರ್‌ನಲ್ಲಿ ಹಾಕಿದರೆ ಪ್ರಬಂಧ ಸಿಗುತ್ತದೆ. ಗೂಗಲ್ ಸ್ಕಾಲರ್ ಎಂದರೆ ಸಂಶೋಧನಾ ಬರಹಗಳನ್ನಷ್ಟೇ ಹುಡುಕಿಕೊಡುವ ಗೂಗಲ್‌ನ ಬೇರೆ ಪುಟ. ನಾಲ್ಕರಲ್ಲಿ ಒಂದೂ ಇಲ್ಲದೆ ಬರೀ ‘ವಿಜ್ಞಾನಿಗಳು ಹೇಳಿದ್ದಾರೆ’ ಎಂದಿದ್ದರೆ ಆ ಸುದ್ದಿಯನ್ನು ಅಲ್ಲಿಗೇ ಬಿಡಿ. ಅದರ ಬೆನ್ನು ಹತ್ತಿ ಸಮಯ ಕಳೆಯುವ ಅಗತ್ಯವಿಲ್ಲ.

ಪ್ರಬಂಧ ಸಿಕ್ಕ ಕೂಡಲೇ ಅದರ ಡಿಓಐ ಬರೆದಿಟ್ಟುಕೊಳ್ಳಿ. ಡಿಓಐ ಎಂದರೆ ಬಹುಪಾಲು ಪ್ರಬಂಧಗಳಿಗೆ ಕೊಟ್ಟಿರುವ ಕಾಯಂ ನಂಬರು. ಯಾವಾಗಲೂ 10 ಎಂಬ ಅಂಕೆಯಿಂದ ಶುರುವಾಗುತ್ತದೆ. ವೆಬ್ ವಿಳಾಸ ಬದಲಾದರೂ ಈ ನಂಬರು ಬದಲಾಗುವುದಿಲ್ಲ.

ಇಲ್ಲಿ ಈಗೀಗ ಬಹಳ ಮಂದಿ ಎಡವುತ್ತಿದ್ದಾರೆ. ಚಾಟ್‌ಬಾಟ್‌ಗೆ ‘ಈ ವಿಷಯದ ಮೇಲೆ ಐದು ಸಂಶೋಧನೆ ಕೊಡು’ ಎಂದು ಕೇಳಿ, ಅದು ಕೊಟ್ಟ ಪಟ್ಟಿಯನ್ನು ಹಾಗೆಯೇ ಪ್ರಾಜೆಕ್ಟ್ ವರದಿಯಲ್ಲಿ ಇಳಿಸುತ್ತಾರೆ. ಇಲ್ಲದ ಪ್ರಬಂಧಕ್ಕೆ ಒಪ್ಪುವಂಥ ಶೀರ್ಷಿಕೆ, ಲೇಖಕರ ಹೆಸರು, ಡಿಓಐ ಎಲ್ಲವನ್ನೂ ಹುಟ್ಟಿಸಿ ಕೊಡುವ ಚಾಳಿ ಆ ಯಂತ್ರಗಳಿಗಿದೆ. ಪ್ರತಿ ಡಿಓಐಯನ್ನೂ ಡಿಓಐ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅದೇ ಶೀರ್ಷಿಕೆಯ ಪುಟ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಪಟ್ಟಿಯಿಂದ ತೆಗೆಯಿರಿ.

ಹಂತ 2: ಯಾವ ವಿಷಯಕ್ಕೆ ಎಲ್ಲಿ ಹುಡುಕಬೇಕು

ಆರೋಗ್ಯಕ್ಕೆ ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಈ ಪಟ್ಟಿ ಎಲ್ಲರಿಗೂ ಪುಕ್ಕಟೆ. ಇದರ ಜೋಡಿ ತಾಣವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿ ಪ್ರಬಂಧಗಳೇ ಇರುತ್ತವೆ. ಒಂದು ಔಷಧಿ ಅಥವಾ ಚಿಕಿತ್ಸೆ ಬಗ್ಗೆ ಇದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ವರದಿ ಬೇಕೆಂದರೆ ಕಾಕ್ರೇನ್ ಲೈಬ್ರರಿ. ಅಲ್ಲಿ ಪ್ರತಿ ವರದಿಗೂ ಸಾಮಾನ್ಯರಿಗಾಗಿ ಸರಳ ಭಾಷೆಯ ಸಾರಾಂಶವನ್ನು ಬೇರೆಯೇ ಬರೆದಿರುತ್ತಾರೆ, ಅದಕ್ಕೆ ದುಡ್ಡಿಲ್ಲ. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಕಂಪ್ಯೂಟರ್ ವಿಷಯಕ್ಕೆ ಆರ್ಕೈವ್ (arXiv). 1991ರಿಂದ ನಡೆದಿರುವ ಈ ತಾಣದಲ್ಲಿ ಎಲ್ಲವೂ ಉಚಿತ. ಆದರೆ ಅಲ್ಲಿರುವುದು ಪ್ರಿಪ್ರಿಂಟ್, ಅಂದರೆ ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಲೇಖಕರು ಹಾಕಿದ ಕರಡು. ಇದರ ಬಗ್ಗೆ ಹಂತ 5ರಲ್ಲಿ ಹೇಳುತ್ತೇನೆ.

ಸಮಾಜ ಕಲ್ಯಾಣಕ್ಕೆ ಒಂದೇ ದೊಡ್ಡ ಕಣಜ ಇಲ್ಲ. ಗೂಗಲ್ ಸ್ಕಾಲರ್ ಜೊತೆಗೆ ಶೋಧಗಂಗಾ ನೋಡಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಇದರಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ, ಗುಲಬರ್ಗಾ ವಿಶ್ವವಿದ್ಯಾಲಯದ್ದೂ ಇವೆ. ನಮ್ಮ ಭಾಗದ ಹಳ್ಳಿ, ಸಂಘ, ಯೋಜನೆಗಳ ಕುರಿತ ಕ್ಷೇತ್ರಕಾರ್ಯ ಅಂತರರಾಷ್ಟ್ರೀಯ ಜರ್ನಲ್‌ಗಳಲ್ಲಿ ಸಿಗದೆ ಇಲ್ಲಿ ಸಿಗುವುದುಂಟು. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಇವೆ.

ಜಿಲ್ಲೆಯ ಅಂಕಿಸಂಖ್ಯೆ ಬೇಕಿದ್ದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು, 2019–21ರದ್ದು, ತೆಗೆಯಿರಿ. ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ ಬೇರೆ ಬೇರೆ ಜಿಲ್ಲಾ ಫ್ಯಾಕ್ಟ್‌ಶೀಟ್ ಇದೆ. ಕೆಲವೇ ಪುಟ. ರಕ್ತಹೀನತೆ, ಬಾಲ್ಯವಿವಾಹ, ಮಕ್ಕಳ ತೂಕ, ಎಲ್ಲ ಒಂದೇ ಕಡೆ.

ಹಂತ 3: ನಮ್ಮೂರ ಹೆಸರನ್ನು ಎಲ್ಲ ಬಗೆಯಲ್ಲೂ ಹುಡುಕಿ

ಈ ಹಂತಕ್ಕೆ ಯಾರೂ ಗಮನ ಕೊಡುವುದಿಲ್ಲ. ‘ನಮ್ಮ ಜಿಲ್ಲಾ ಮ್ಯಾಲ ಯಾರೂ ಸಂಶೋಧನೆ ಮಾಡಿಲ್ರಿ’ ಎಂಬ ಮಾತು ಮತ್ತೆ ಮತ್ತೆ ಕೇಳಿಬರುವುದು ಅದಕ್ಕೇ. ಮಾಡಿದ್ದಾರೆ. ಹುಡುಕಿದ ಹೆಸರು ಬೇರೆ, ಪ್ರಬಂಧದಲ್ಲಿರುವ ಹೆಸರು ಬೇರೆ.

ಗುಲ್ಬರ್ಗಾ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನದೆಲ್ಲ ಹಳೇ ಹೆಸರಲ್ಲಿದೆ, ಆಮೇಲಿನದರಲ್ಲೂ ಎಷ್ಟೋ ಜನ ಹಳೆಯದನ್ನೇ ಬರೆಯುತ್ತಾರೆ. ಹೈದರಾಬಾದ್ ಕರ್ನಾಟಕ ಎಂಬುದು ಕಲ್ಯಾಣ ಕರ್ನಾಟಕ ಆದದ್ದು 2019ರಲ್ಲಿ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009–10ರ ಹೊತ್ತಿಗೆ. ಅದಕ್ಕೂ ಹಿಂದಿನ ಅಂಕಿಗಳಲ್ಲಿ ಸುರಪುರ, ಶಹಾಪುರ, ಯಾದಗಿರಿ ಎಲ್ಲ ಗುಲ್ಬರ್ಗಾ ಜಿಲ್ಲೆಯೊಳಗೇ ಸೇರಿರುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಯಾದಗಿರಿಯನ್ನು ಕೊನೆಯ ‘ಇ’ ಇಟ್ಟೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಸುರಪುರ ಕೆಲವು ಕಡೆ ಶೋರಾಪುರ.

ಒಂದು ಉದಾಹರಣೆ. ಸುರಪುರ ತಾಲ್ಲೂಕಿನ ಹಳೇ ಚಿನ್ನದ ಗಣಿ ಪ್ರದೇಶದಲ್ಲಿ ಕುಡಿಯುವ ನೀರಿಗೆ ಆರ್ಸೆನಿಕ್, ಅಂದರೆ ಪಾಷಾಣದ ಅಂಶ, ಸೇರಿರುವ ಕುರಿತು 2013ರಲ್ಲಿ ‘ಜರ್ನಲ್ ಆಫ್ ಹಜಾರ್ಡಸ್ ಮಟೀರಿಯಲ್ಸ್’ ಎಂಬ ಪತ್ರಿಕೆಯಲ್ಲಿ ಮಹತ್ವದ ಪ್ರಬಂಧ ಬಂದಿದೆ. ಅದರ ಶೀರ್ಷಿಕೆಯಲ್ಲಿ ಯಾದಗಿರಿಯೂ ಇಲ್ಲ, ಸುರಪುರವೂ ಇಲ್ಲ. ‘ಮಂಗಳೂರು ಗ್ರೀನ್‌ಸ್ಟೋನ್ ಬೆಲ್ಟ್, ಈಶಾನ್ಯ ಕರ್ನಾಟಕ’ ಎಂದಿದೆ. ಗ್ರೀನ್‌ಸ್ಟೋನ್ ಬೆಲ್ಟ್ ಎಂದರೆ ಹಸಿರು ಛಾಯೆಯ ಪುರಾತನ ಶಿಲೆಗಳ ಪಟ್ಟಿ. ಈ ಮಂಗಳೂರು ಕಡಲ ದಂಡೆಯದ್ದಲ್ಲ, ಸುರಪುರ ಸೀಮೆಯದು. ಯಾದಗಿರಿ ಎಂದಷ್ಟೇ ಶೀರ್ಷಿಕೆಗಳಲ್ಲಿ ಹುಡುಕಿದವರಿಗೆ ಇದು ಸಿಗುವುದಿಲ್ಲ. ಆದ್ದರಿಂದ ಜಿಲ್ಲೆಯ ಹೆಸರಿನ ಜೊತೆಗೆ ತಾಲ್ಲೂಕು, ಊರು, ಹೊಳೆ, ಕಲ್ಲಿನ ಜಾತಿ, ‘ಈಶಾನ್ಯ ಕರ್ನಾಟಕ’, ‘ಉತ್ತರ ಕರ್ನಾಟಕ’ ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಒಂದೊಂದಾಗಿ ಹಾಕಿ ನೋಡಿ. ಎರಡು ಪದದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಆಗ ಎರಡೂ ಜೊತೆಯಾಗಿ ಇರುವ ಬರಹಗಳಷ್ಟೇ ಬರುತ್ತವೆ.

ಹಂತ 4: ಪೂರ್ತಿ ಪ್ರಬಂಧ ಪಡೆಯಿರಿ

ಪುಟ ತೆರೆದರೆ ಎಷ್ಟೋ ಸಲ ಸಾರಾಂಶ ಮಾತ್ರ ಕಾಣುತ್ತದೆ, ಮುಂದಕ್ಕೆ ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ. ಕಾರ್ಡ್ ನಂಬರ್ ಹಾಕಲು ಹೋಗಬೇಡಿ. ಮೊದಲು ಇವನ್ನು ಮಾಡಿ.

ಗೂಗಲ್ ಸ್ಕಾಲರ್‌ನಲ್ಲಿ ಆ ಪ್ರಬಂಧದ ಕೆಳಗೆ ‘ಎಲ್ಲ ಆವೃತ್ತಿಗಳು’ ಎಂಬ ಅರ್ಥದ ಕೊಂಡಿ ಇರುತ್ತದೆ, ಅದನ್ನು ಒತ್ತಿ. ಲೇಖಕರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಇಟ್ಟ ಪ್ರತಿ ಅಲ್ಲಿ ಸಿಗಬಹುದು. ಕಂಪ್ಯೂಟರ್ ಇದ್ದರೆ ಬ್ರೌಸರ್‌ಗೆ ಅನ್‌ಪೇವಾಲ್ ಎಂಬ ಉಚಿತ ಜೋಡಣೆ ಹಾಕಿಕೊಳ್ಳಿ. ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದರೆ ಹಸಿರು ಬೀಗದ ಗುರುತು ತೋರಿಸುತ್ತದೆ.

ನೀವು ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದರೆ ‘ಒಂದು ದೇಶ ಒಂದು ಚಂದಾ’ ಯೋಜನೆ ತಿಳಿದಿರಲೇಬೇಕು. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ಈ ಯೋಜನೆಗೆ 2025, 2026, 2027ರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ತೆರೆಯುತ್ತವೆ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್ ವೈದ್ಯಕೀಯ ಕಾಲೇಜುಗಳಂಥ ಸರ್ಕಾರಿ ಸಂಸ್ಥೆಗಳಲ್ಲಿ ಓದುವವರು ತಮ್ಮ ಗ್ರಂಥಪಾಲಕರನ್ನು ನೇರವಾಗಿ ಕೇಳಿ: ‘ನಮ್ಮ ಕಾಲೇಜು ಇದರಲ್ಲಿ ನೋಂದಣಿ ಆಗಿದೆಯಾ, ನನ್ನ ಲಾಗಿನ್ ಯಾರು ಕೊಡ್ತಾರೆ?’ ಕ್ಯಾಂಪಸ್‌ನ ಇಂಟರ್ನೆಟ್‌ನಲ್ಲಿ ಕೆಲವು ತಾಣ ಲಾಗಿನ್ ಇಲ್ಲದೆಯೂ ತೆರೆಯಬಹುದು. ದೇಶದ ದುಡ್ಡಲ್ಲಿ ನಿಮಗಾಗಿಯೇ ಕಟ್ಟಿದ ಚಂದಾ ಇದು, ಕೇಳಲು ಸಂಕೋಚ ಬೇಡ. ಖಾಸಗಿ ಕಾಲೇಜುಗಳನ್ನು ಮೊದಲ ಹಂತದಲ್ಲಿ ಸೇರಿಸಿಲ್ಲ ಎಂಬುದು ನನಗೆ ಸರಿ ಕಾಣುವುದಿಲ್ಲ. ನಮ್ಮ ಭಾಗದಲ್ಲಿ ಬಡವರ ಮಕ್ಕಳು ಖಾಸಗಿ ಕಾಲೇಜಿನಲ್ಲೂ ಓದುತ್ತಾರೆ.

ಯಾವುದೂ ಆಗದಿದ್ದರೆ ಲೇಖಕರಿಗೇ ಬರೆಯಿರಿ. ಪ್ರಬಂಧದ ಮೊದಲ ಪುಟದಲ್ಲಿ ಒಬ್ಬರ ಹೆಸರಿನ ಮುಂದೆ ಲಕೋಟೆಯ ಗುರುತೋ ನಕ್ಷತ್ರದ ಗುರುತೋ ಇದ್ದು, ಇಮೇಲ್ ಕೊಟ್ಟಿರುತ್ತಾರೆ. ಪತ್ರವ್ಯವಹಾರದ ಹೊಣೆ ಹೊತ್ತ ಲೇಖಕರು ಅವರು. ನೀವು ಯಾರು, ಎಲ್ಲಿಯವರು, ಯಾವ ಪ್ರಬಂಧ ಬೇಕು, ಯಾಕೆ ಬೇಕು ಎಂದು ನಾಲ್ಕು ಸಾಲು ಸಾಕು. ಓದಲು ಪ್ರತಿ ಕಳಿಸುವುದು ಅವರಲ್ಲಿ ಇರುವ ವಾಡಿಕೆ.

ಹಂತ 5: ಓದುವ ಮುನ್ನ ಪ್ರಬಂಧದ ಯೋಗ್ಯತೆ ನೋಡಿ

ಮೊದಲನೆಯದು, ಅದು ಪ್ರಿಪ್ರಿಂಟ್ ಹೌದೋ ಅಲ್ಲವೋ. ಜರ್ನಲ್‌ನಲ್ಲಿ ಅಚ್ಚಾಗುವ ಮುಂಚೆ ಅದೇ ಕ್ಷೇತ್ರದ ಬೇರೆ ತಜ್ಞರು ಓದಿ ತಪ್ಪು ಹುಡುಕುತ್ತಾರೆ, ಇದಕ್ಕೆ ಪಿಯರ್ ರಿವ್ಯೂ ಎನ್ನುತ್ತಾರೆ. ಪ್ರಿಪ್ರಿಂಟ್‌ಗೆ ಅದು ಆಗಿರುವುದಿಲ್ಲ. ಕಂಪ್ಯೂಟರ್ ಕ್ಷೇತ್ರದಲ್ಲಿ ಪ್ರಿಪ್ರಿಂಟ್ ಓದುವುದು ದಿನನಿತ್ಯದ ರೂಢಿ, ತಪ್ಪೇನಿಲ್ಲ. ಔಷಧಿ, ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಪ್ರಿಪ್ರಿಂಟ್ ನೋಡಿ ಯಾರಿಗೂ ಸಲಹೆ ಕೊಡಬೇಡಿ.

ಎರಡನೆಯದು, ಪ್ರಬಂಧವನ್ನು ಹಿಂಪಡೆದಿದ್ದಾರಾ. ಪಿಯರ್ ರಿವ್ಯೂ ಆಗಿದ್ದರೂ, ಜರ್ನಲ್ ಎಷ್ಟೇ ದೊಡ್ಡದಿದ್ದರೂ ತಪ್ಪು ನುಸುಳುತ್ತದೆ. ಕೋವಿಡ್ ಹೊತ್ತಿನಲ್ಲಿ, 2020ರ ಮೇ 22ರಂದು, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯ ಬಗ್ಗೆ 671 ಆಸ್ಪತ್ರೆಗಳ 96,000 ರೋಗಿಗಳ ದಾಖಲೆ ಇದೆ ಎಂದುಕೊಂಡ ಪ್ರಬಂಧವೊಂದು ‘ಲ್ಯಾನ್ಸೆಟ್’ನಲ್ಲಿ ಬಂತು. ಮೂಲ ದಾಖಲೆ ತೋರಿಸಿ ಎಂದರೆ ತೋರಿಸಲಾಗದೆ ಜೂನ್ 4ಕ್ಕೆ ಹಿಂದಕ್ಕೆ ಹೋಯಿತು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದ 1998ರ ಪ್ರಬಂಧ ಬರೀ 12 ಮಕ್ಕಳ ಮೇಲೆ ನಿಂತಿತ್ತು. ಅದನ್ನು ಹಿಂಪಡೆಯಲು 2010ರವರೆಗೆ ಹಿಡಿಯಿತು. ಅಷ್ಟರಲ್ಲಿ ಆದ ಹಾನಿ ಇಂದಿಗೂ ಮುಗಿದಿಲ್ಲ. ಹಿಂಪಡೆದ ಪ್ರಬಂಧದ ಮೇಲೆ ಪಬ್‌ಮೆಡ್‌ನಲ್ಲಿ ಎದ್ದು ಕಾಣುವ ಸೂಚನೆ ಇರುತ್ತದೆ. ರಿಟ್ರಾಕ್ಷನ್ ವಾಚ್ ಎಂಬ ಉಚಿತ ಪಟ್ಟಿಯಲ್ಲೂ ಶೀರ್ಷಿಕೆ ಹಾಕಿ ನೋಡಬಹುದು.

ಮೂರನೆಯದು ಜರ್ನಲ್ಲೇ ನಕಲಿಯಾ ಎಂಬುದು. ದುಡ್ಡು ಕೊಟ್ಟರೆ ಮೂರು ದಿನದಲ್ಲಿ ಏನು ಕೊಟ್ಟರೂ ಅಚ್ಚು ಹಾಕುವ ಪತ್ರಿಕೆಗಳು ಬೇಕಾದಷ್ಟಿವೆ. ಒಳ್ಳೆಯ ಪತ್ರಿಕೆಗಳ ಹೆಸರನ್ನೇ ಒಂದಕ್ಷರ ಬದಲಿಸಿ ಇಟ್ಟುಕೊಂಡವೂ ಇವೆ. ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಎಂದು ಯಾರಾದರೂ ಈಗಲೂ ಹೇಳಿದರೆ ಎಚ್ಚರ: ಒಪ್ಪಬಹುದಾದ ಜರ್ನಲ್‌ಗಳ ಆ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವೇ, ಕೈಬಿಟ್ಟಿತು. ಉಚಿತವಾಗಿ ಓದಲು ಸಿಗುವ ಜರ್ನಲ್ ಆದರೆ ಡಿಒಎಜೆ ಎಂಬ ಮುಕ್ತ ಪತ್ರಿಕೆಗಳ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ. ಪಿಎಚ್‌ಡಿ ಮಾಡುವವರಿಗೆ ವಿಶೇಷವಾಗಿ ಹೇಳುತ್ತೇನೆ, ವಾಟ್ಸಾಪ್ ಗುಂಪಿನಲ್ಲಿ ‘ಪ್ರಕಟಣೆ ಗ್ಯಾರಂಟಿ’ ಎಂದು ಬರುವ ಯಾವ ಪತ್ರಿಕೆಗೂ ಹಣ ಕಳಿಸಬೇಡಿ.

ಔಷಧಿ ಅಥವಾ ಆಹಾರ ಕೊಟ್ಟು ನಡೆಸಿದ ಪ್ರಯೋಗ ಭಾರತದಲ್ಲಿ ಆಗಿದ್ದರೆ ಇನ್ನೊಂದು ತಪಾಸಣೆ ಇದೆ. ಅದು ಸಿಟಿಆರ್‌ಐ ಎಂಬ, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ನೋಂದಣಿ ಪುಸ್ತಕದಲ್ಲಿ ಇರಬೇಕು. 2009ರ ಜೂನ್‌ನಿಂದ ಔಷಧಿ ಪ್ರಯೋಗಗಳಿಗೆ ಇದು ಕಡ್ಡಾಯ. ಯಾರ ಮೇಲೆ ಪ್ರಯೋಗ, ಏನನ್ನು ಅಳೆಯುತ್ತೇವೆ ಎಂದು ಶುರುವಿಗೇ ಬರೆದುಕೊಟ್ಟಿರುತ್ತಾರೆ. ಕೊನೆಗೆ ಪ್ರಬಂಧದಲ್ಲಿ ಬೇರೇನನ್ನೋ ಅಳೆದು ಜಯ ಸಾರಿದ್ದರೆ ಹೋಲಿಸಿ ಹಿಡಿಯಬಹುದು.

ಹಂತ 6: ಓದುವ ಕ್ರಮ

ಮೊದಲಿಂದ ಕೊನೆಗೆ ಓದಬೇಡಿ. ಸಾರಾಂಶ ಓದಿ, ನಂತರ ನೇರ ‘ವಿಧಾನ’ ಭಾಗಕ್ಕೆ ಹೋಗಿ, ಆಮೇಲೆ ಕೋಷ್ಟಕಗಳು, ಆಮೇಲೆ ಲೇಖಕರೇ ತಮ್ಮ ಅಧ್ಯಯನದ ಮಿತಿ ಹೇಳಿಕೊಂಡ ಪ್ಯಾರಾ. ಚರ್ಚೆ, ತೀರ್ಮಾನ ಎಲ್ಲ ಕೊನೆಗೆ. ತೀರ್ಮಾನ ಲೇಖಕರ ಅಭಿಪ್ರಾಯ, ಕೋಷ್ಟಕ ಅವರು ಕಂಡದ್ದು.

ಈಗ ಒಂದು ಪ್ರಬಂಧವನ್ನು ಜೊತೆಯಾಗಿ ಬಿಚ್ಚೋಣ. ‘ಪೌಷ್ಟಿಕ ಆಹಾರ ಕೊಟ್ಟರೆ ಕ್ಷಯ ಶೇ 39ರಷ್ಟು ಕಮ್ಮಿ’ ಎಂಬ ಸುದ್ದಿ 2023ರ ಆಗಸ್ಟ್‌ನಲ್ಲಿ ಎಲ್ಲೆಡೆ ಬಂತು. ಮೂಲ ಪ್ರಬಂಧ ‘ಲ್ಯಾನ್ಸೆಟ್’ನದು. ಪ್ರಯೋಗದ ಹೆಸರು ರೇಷನ್ಸ್. ಮುಂದಾಳುಗಳು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಹಣ ಐಸಿಎಂಆರ್‌ನದು. ಪ್ರಯೋಗ ನಡೆದದ್ದು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ.

*ಯಾರನ್ನು ಎಣಿಸಿದರು?* ಕ್ಷಯ ರೋಗಿಗಳನ್ನಲ್ಲ, ಅವರ ಮನೆಮಂದಿಯನ್ನು. ಒಟ್ಟು 10,345 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಆದಿವಾಸಿಗಳು, ಶೇ 34 ಮಂದಿ ಅಪೌಷ್ಟಿಕರು. ಸುದ್ದಿ ಓದಿದ ಬಹಳ ಮಂದಿ ‘ಆಹಾರದಿಂದ ರೋಗಿಗೆ ಗುಣವಾಗುತ್ತದೆ’ ಎಂದುಕೊಂಡರು. ಈ ಪ್ರಬಂಧ ಕೇಳಿದ ಪ್ರಶ್ನೆ ಅದಲ್ಲ, ಒಬ್ಬರಿಗೆ ಕ್ಷಯ ಬಂದ ಮನೆಯಲ್ಲಿ ಉಳಿದವರಿಗೆ ಬರದಂತೆ ತಡೆಯಬಹುದೇ ಎಂಬುದು.

*ಯಾರ ಜೊತೆ ಹೋಲಿಸಿದರು?* ಎರಡೂ ಗುಂಪಿನ ರೋಗಿಗಳಿಗೆ ಆಹಾರದ ಕಿಟ್ ಸಿಕ್ಕಿತು. ಒಂದು ಗುಂಪಿನಲ್ಲಿ ಮಾತ್ರ ಮನೆಮಂದಿಗೂ ಕೊಟ್ಟರು: ಒಬ್ಬ ವಯಸ್ಕರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ, ಆರು ತಿಂಗಳು. ಯಾರಿಗೆ ಕೊಡಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಇದಕ್ಕೆ ರ್‍ಯಾಂಡಮ್ ಹಂಚಿಕೆ ಎನ್ನುತ್ತಾರೆ. ಇಲ್ಲಿ ಹಂಚಿದ್ದು ಒಬ್ಬೊಬ್ಬ ವ್ಯಕ್ತಿಯನ್ನಲ್ಲ, 28 ಟಿಬಿ ಘಟಕಗಳನ್ನು, ಅಂದರೆ ಕ್ಷಯ ನಿಯಂತ್ರಣ ಕಾರ್ಯಕ್ರಮದ ಸ್ಥಳೀಯ ಘಟಕಗಳನ್ನು. ಹೋಲಿಕೆಗೆಂದು ಇಟ್ಟ ಗುಂಪಿಗೆ ಕಂಟ್ರೋಲ್ ಗುಂಪು ಎಂದು ಹೆಸರು.

*ಎಷ್ಟು ವ್ಯತ್ಯಾಸ?* ಕಂಟ್ರೋಲ್ ಗುಂಪಿನ 4,712 ಮಂದಿಯಲ್ಲಿ 122 ಮಂದಿಗೆ ಕ್ಷಯ ಬಂತು, ನೂರಕ್ಕೆ 2.6. ಆಹಾರ ಸಿಕ್ಕ 5,602 ಮಂದಿಯಲ್ಲಿ 96 ಮಂದಿಗೆ, ನೂರಕ್ಕೆ 1.7. ಅಂದರೆ ಸಾವಿರ ಮಂದಿಗೆ ಹತ್ತಿರ ಹತ್ತಿರ 9 ಮಂದಿ ಪಾರಾದರು. ಶೇ 39 ಎಂಬುದು ಒಂದು ಗುಂಪನ್ನು ಇನ್ನೊಂದರ ಪಕ್ಕ ಇಟ್ಟು, ಗುಂಪುಗಳ ನಡುವಿನ ಬೇರೆ ವ್ಯತ್ಯಾಸಗಳನ್ನೂ ಸರಿದೂಗಿಸಿ ತೆಗೆದ ಲೆಕ್ಕ, ಸಾಪೇಕ್ಷ ಇಳಿಕೆ; ಸರಿದೂಗಿಸದೆ ಮೇಲಿನ ಅಂಕೆಗಳಿಂದ ನೇರ ಲೆಕ್ಕ ಹಾಕಿದರೆ ಶೇ 34–35 ಬರುತ್ತದೆ. ನೂರು ಮಂದಿಯಲ್ಲಿ 39 ಮಂದಿ ಉಳಿದರು ಎಂದು ಅದರ ಅರ್ಥವಲ್ಲ. ಶೇಕಡಾ ಕಂಡಲ್ಲೆಲ್ಲ ‘ಎಷ್ಟರಿಂದ ಎಷ್ಟಕ್ಕೆ?’ ಎಂದು ಕೇಳಿ. ಇಡೀ ಲೇಖನದಲ್ಲಿ ಒಂದೇ ಅಭ್ಯಾಸ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಾಗಂತ ಈ ಇಳಿಕೆ ಸಣ್ಣದು ಎನ್ನಬೇಡಿ. ಸುಮಾರು 30 ಮನೆಗಳಿಗೆ ಆರು ತಿಂಗಳು ಆಹಾರ ಕೊಟ್ಟರೆ ಒಂದು ಕ್ಷಯ ತಪ್ಪುತ್ತದೆ ಎಂದು ಪ್ರಬಂಧವೇ ಲೆಕ್ಕ ಕೊಟ್ಟಿದೆ. ಅಕ್ಕಿ, ಬೇಳೆಯಿಂದ ಇಷ್ಟು ಸಾಧ್ಯವೆಂದರೆ ನನಗೆ ಅದು ಬಹಳ ದೊಡ್ಡ ಮಾತು. ಅದರಲ್ಲೂ ನಮ್ಮ ಕಲಬುರಗಿಯ ಹೊಲದಲ್ಲಿ ಬೆಳೆಯುವ ತೊಗರಿಯೇ ಅದರ ಅರ್ಧ ಔಷಧಿ.

*ಎಷ್ಟು ಖಾತ್ರಿ?* ಕೋಷ್ಟಕದಲ್ಲಿ 0.61 ಎಂಬ ಅಂಕೆ, ಪಕ್ಕದಲ್ಲಿ 0.43ರಿಂದ 0.85 ಎಂದಿದೆ. ಕಂಟ್ರೋಲ್ ಗುಂಪಿನ ಅಪಾಯವನ್ನು 1 ಎಂದಿಟ್ಟುಕೊಂಡರೆ ಆಹಾರ ಸಿಕ್ಕವರ ಅಪಾಯ 0.61. ಪಕ್ಕದ ಎರಡು ಅಂಕೆಗಳಿಗೆ ಕಾನ್ಫಿಡೆನ್ಸ್ ಇಂಟರ್ವಲ್ ಅಥವಾ ವಿಶ್ವಾಸದ ಅಂತರ ಎನ್ನುತ್ತಾರೆ. ನಿಜವಾದ ಇಳಿಕೆ ಶೇ 15ರಷ್ಟು ಕಡಿಮೆಯೂ ಇರಬಹುದು, ಶೇ 57ರಷ್ಟು ಹೆಚ್ಚೂ ಇರಬಹುದು ಎಂದು ಓದಿಕೊಳ್ಳಿ. ಈ ಅಂತರ 1ನ್ನು ದಾಟಿದ್ದರೆ, ಉದಾಹರಣೆಗೆ 0.43ರಿಂದ 1.10 ಎಂದಿದ್ದರೆ, ಪರಿಣಾಮವೇ ಇಲ್ಲದಿರುವ ಸಾಧ್ಯತೆಯೂ ಉಳಿದಿದೆ ಎಂದರ್ಥ. ಪಿ ವ್ಯಾಲ್ಯೂ ಎಂಬ ಅಂಕೆ 0.05ಕ್ಕಿಂತ ಕಡಿಮೆ ಇದ್ದರೆ ‘ಸಿಗ್ನಿಫಿಕೆಂಟ್’ ಎಂದು ಬರೆಯುತ್ತಾರೆ. ಪರಿಣಾಮ ದೊಡ್ಡದು ಎಂದು ಅದರ ಅರ್ಥವಲ್ಲ, ಬರೀ ಅದೃಷ್ಟದಿಂದ ಇಂಥ ಫಲಿತಾಂಶ ಬರುವುದು ಅಪರೂಪ ಎಂದಷ್ಟೇ.

ಸಂಶೋಧನೆ ಓದಿದರೆ ಏನು ಬಂತು ಎಂದು ಕೇಳುವವರಿಗೆ: 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣವನ್ನು ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಿತು. ದಾನಿಗಳು ಕೊಡುವ ಆಹಾರದ ಕಿಟ್ ರೋಗಿಯ ಮನೆಮಂದಿಗೂ ಸಿಗುವಂತೆ ಮಾಡಿತು. ನಿಮ್ಮ ಓಣಿಯಲ್ಲಿ ಕ್ಷಯದ ಚಿಕಿತ್ಸೆಯಲ್ಲಿರುವವರು ಇದ್ದರೆ ಆರೋಗ್ಯ ಕೇಂದ್ರದಲ್ಲಿ ಇದನ್ನು ವಿಚಾರಿಸಿ.

ಹಂತ 7: ‘ಇದು ನಮ್ಮೂರಿಗೂ ಹೊಂದುತ್ತದಾ?’

ಎಪಿಎಂಸಿಯಲ್ಲಿ ಖರೀದಿದಾರ ಚೀಲದಿಂದ ಒಂದು ಹಿಡಿ ತೊಗರಿ ತೆಗೆದು ಇಡೀ ಚೀಲದ ಬೆಲೆ ಕಟ್ಟುತ್ತಾನೆ. ಹಿಡಿ ಯಾವ ಚೀಲದ್ದು, ಮೇಲಿನದಾ ತಳದ್ದಾ ಎಂಬುದರ ಮೇಲೆ ಎಲ್ಲ ನಿಂತಿದೆ. ಸಂಶೋಧನೆಯಲ್ಲೂ ಅಷ್ಟೇ.

ಮೇಲೆ ಹೇಳಿದ ಸುರಪುರ ಕಡೆಯ ಆರ್ಸೆನಿಕ್ ಪ್ರಬಂಧದಲ್ಲಿ 59 ಕೊಳವೆಬಾವಿಗಳ ನೀರಿನಲ್ಲಿ ಶೇ 79ರಷ್ಟರಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿ ಮೀರಿತ್ತು. ತಪಾಸಣೆಗೆ ಒಳಗಾದ 181 ಮಂದಿಯಲ್ಲಿ ಶೇ 58.6ರಷ್ಟು ಮಂದಿಯ ಚರ್ಮದಲ್ಲಿ ಪಾಷಾಣದ ಲಕ್ಷಣ ಕಂಡಿತ್ತು. ಇದನ್ನು ‘ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವಿಷ’ ಎಂದು ಹಂಚಿದರೆ ಸುಳ್ಳಾಗುತ್ತದೆ. ಎಣಿಸಿದ್ದು ಗಣಿಯ ಪಕ್ಕದ ಜನರನ್ನು. ‘ಬರೀ 181 ಮಂದಿ ತಾನೆ’ ಎಂದು ತಳ್ಳಿಹಾಕಿದರೂ ಆ ಊರಿನವರಿಗೆ ಅನ್ಯಾಯ. ಗಣಿ ಸಮೀಪದ ಬೇರೆ ಊರಿನವರು ಈ ಪ್ರಬಂಧದ ಪ್ರತಿ ಹಿಡಿದು ‘ನಮ್ಮ ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿಸಿ’ ಎಂದು ಪಂಚಾಯಿತಿಗೆ ಅರ್ಜಿ ಕೊಡುವುದು ಅದರ ಸರಿಯಾದ ಬಳಕೆ.

ಹೋಲಿಕೆಗೆ ಇಟ್ಟ ಜಿಲ್ಲೆಯನ್ನೂ ನೋಡಿ. 2021ರ ಡಿಸೆಂಬರ್‌ನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ, ಬಾಳೆಹಣ್ಣು ಕೊಡಲು ಶುರುಮಾಡಿದ ಮೇಲೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಯಾದಗಿರಿಯ ಮಕ್ಕಳನ್ನು ಗದಗದ ಮಕ್ಕಳ ಜೊತೆ ಹೋಲಿಸಿ ನೋಡಿತು. ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿತ್ತು. ಮೊಟ್ಟೆ ಕೊಡಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಎರಡು ಬೇರೆ ಜಿಲ್ಲೆಗಳ ಹೋಲಿಕೆಗೂ ಚೀಟಿ ಎತ್ತಿ ಹಂಚಿದ ಹೋಲಿಕೆಗೂ ತೂಕ ಬೇರೆ ಎಂಬುದು ನೆನಪಿರಲಿ. ಜಿಲ್ಲೆಗಳ ನಡುವೆ ಮೊದಲಿನಿಂದಲೂ ಇರುವ ವ್ಯತ್ಯಾಸ ಲೆಕ್ಕದೊಳಗೆ ಸೇರಿಕೊಳ್ಳಬಹುದು.

ಕಂಪ್ಯೂಟರ್ ಸಂಶೋಧನೆಯಲ್ಲಿ ಹಳ್ಳ ಇರುವುದು ಪ್ರಯೋಗಾಲಯಕ್ಕೂ ಕ್ಷೇತ್ರಕ್ಕೂ ನಡುವೆ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆಗೆ ಆಗುವ ಹಾನಿಯನ್ನು ಫೋಟೋ ನೋಡಿ ಗುರುತಿಸುವ ಗೂಗಲ್‌ನ ತಂತ್ರಾಂಶ 2016ರಲ್ಲಿ ‘ಜಾಮಾ’ ಪತ್ರಿಕೆಯಲ್ಲಿ ಬಂತು. 1,28,175 ಚಿತ್ರಗಳಿಂದ ಕಲಿತ ಅದು ತಜ್ಞ ವೈದ್ಯರಿಗೆ ಸರಿಸಾಟಿಯಾಗಿತ್ತು. ಅದನ್ನೇ ಥಾಯ್ಲೆಂಡ್‌ನ 11 ಕ್ಲಿನಿಕ್‌ಗಳಲ್ಲಿ ಇಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮೊದಲ ಆರು ತಿಂಗಳ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಯಂತ್ರ ‘ಸ್ಪಷ್ಟವಿಲ್ಲ’ ಎಂದು ತಿರಸ್ಕರಿಸಿತ್ತು. ಕೋಣೆಯಲ್ಲಿ ಕತ್ತಲೆ ಸಾಲದು, ಇಂಟರ್ನೆಟ್ ನಿಧಾನ, ಸಾಲಾಗಿ ಕೂತ ರೋಗಿಗಳು. ನಮ್ಮ ತಾಲ್ಲೂಕು ಆಸ್ಪತ್ರೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ‘ಶೇ 95 ನಿಖರ’ ಎಂದು ಕಂಡರೆ ಯಾವ ಚಿತ್ರಗಳ ಮೇಲೆ, ಎಲ್ಲಿ ತೆಗೆದವುಗಳ ಮೇಲೆ ಎಂದು ವಿಧಾನ ಭಾಗದಲ್ಲಿ ಹುಡುಕಿ. ‘ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುತ್ತದೆ’ ಎಂದಿದ್ದರೆ ಕೋಷ್ಟಕದಲ್ಲಿ ಕನ್ನಡದ ಸಾಲಿಗೇ ಬೆರಳಿಟ್ಟು ಓದಿ, ಸರಾಸರಿ ನೋಡಬೇಡಿ. ಉರ್ದು, ಮರಾಠಿ, ತೆಲುಗು ಬೆರೆತ ನಮ್ಮ ಕಡೆಯ ಮಾತಿನ ಧ್ವನಿಮುದ್ರಣ ಆ ಯಂತ್ರದ ಕಲಿಕೆಯಲ್ಲಿ ಇತ್ತಾ ಎಂಬುದನ್ನೂ ನೋಡಿ.

ಸರಾಸರಿ ಬಡವರನ್ನು ಹೇಗೆ ಮರೆಮಾಡುತ್ತದೆ ಎಂಬುದಕ್ಕೆ ಕಲ್ಯಾಣ ಯೋಜನೆಗಳ ಸಂಶೋಧನೆಯಲ್ಲಿ ಸ್ಪಷ್ಟ ಉದಾಹರಣೆ ಇದೆ. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಂಕರ್ ಎಂಬ ಅರ್ಥಶಾಸ್ತ್ರಜ್ಞರು ಬೆರಳಚ್ಚು ಕಾರ್ಡ್‌ನಿಂದ ಉದ್ಯೋಗ ಖಾತ್ರಿ ಕೂಲಿ ಬೇಗ ಬರುತ್ತದೆ, ಸೋರಿಕೆ ತಗ್ಗುತ್ತದೆ ಎಂದು ಆಂಧ್ರಪ್ರದೇಶದಲ್ಲಿ ಕಂಡು 2016ರಲ್ಲಿ ಬರೆದರು. ಅದೇ ಮೂವರು ಜಾರ್ಖಂಡ್‌ನ ಪಡಿತರದಲ್ಲಿ ಆಧಾರ್ ಹೆಬ್ಬೆಟ್ಟು ಕಡ್ಡಾಯ ಮಾಡಿದ್ದನ್ನು ಪರೀಕ್ಷಿಸಿ 2020ರಲ್ಲಿ ಬೇರೆಯೇ ಫಲಿತಾಂಶ ಕೊಟ್ಟರು: ಸೋರಿಕೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ, ಮೊದಲು ಆಧಾರ್ ಜೋಡಿಸದೆ ಇದ್ದ ಶೇ 23 ಫಲಾನುಭವಿಗಳಿಗೆ ಸಿಗುವ ಪಡಿತರ ಶೇ 10ರಷ್ಟು ಇಳಿಯಿತು. ಎರಡೂ ಬೆರಳಚ್ಚಿನ ಗುರುತೇ, ಸಂಶೋಧಕರೂ ಅವರೇ. ಯೋಜನೆ ಬೇರೆ, ಜಾರಿ ಮಾಡಿದ ರೀತಿ ಬೇರೆ. ಇವೆರಡರಲ್ಲಿ ಒಂದನ್ನಷ್ಟೇ ಓದಿದವರು ಭಾಷಣ ಮಾಡಬಹುದು, ಎರಡನ್ನೂ ಓದಿದವರು ನ್ಯಾಯಬೆಲೆ ಅಂಗಡಿ ಮುಂದೆ ನಿಂತು ‘ಇಲ್ಲಿ ಯಾರ ಬೆರಳು ಹತ್ತುತ್ತಿಲ್ಲ?’ ಎಂಬ ಸರಿಯಾದ ಪ್ರಶ್ನೆ ಕೇಳಬಲ್ಲರು. ಆ ಪಟ್ಟಿ ಮಾಡುವುದು ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳಿಗೆ ಒಳ್ಳೆಯ ಕ್ಷೇತ್ರಕಾರ್ಯ.

ಹಂತ 8: ಕನ್ನಡದಲ್ಲಿ ಟಿಪ್ಪಣಿ ಮಾಡಿ, ಹಂಚಿ

ಯಂತ್ರದ ಅನುವಾದವನ್ನು ಅರ್ಥ ಮಾಡಿಕೊಳ್ಳಲು ಬಳಸಿ, ಹಂಚಲು ಬೇಡ. ‘ಇಲ್ಲ’, ‘ಹೊರತು’, ‘ಗಿಂತ ಕಡಿಮೆ’ ಇರುವ ವಾಕ್ಯಗಳಲ್ಲಿ ಅದು ಅರ್ಥವನ್ನೇ ತಿರುಗಿಸಿಬಿಡಬಹುದು. ಅಂಕೆ ಇರುವ ಪ್ರತಿ ವಾಕ್ಯವನ್ನೂ ಮೂಲದ ಜೊತೆ ಒಮ್ಮೆ ತಾಳೆ ನೋಡಿ.

ನೋಟ್‌ಬುಕ್‌ನಲ್ಲಿ ಪ್ರತಿ ಪ್ರಬಂಧಕ್ಕೆ ಒಂದು ಪುಟ. ಮೇಲೆ ಶೀರ್ಷಿಕೆ, ವರ್ಷ, ಡಿಓಐ. ಕೆಳಗೆ ನಿಮ್ಮದೇ ಮಾತಿನಲ್ಲಿ: ಯಾರನ್ನು, ಎಲ್ಲಿ, ಯಾರ ಜೊತೆ ಹೋಲಿಸಿದರು, ಎಷ್ಟರಿಂದ ಎಷ್ಟಕ್ಕೆ, ಲೇಖಕರು ಒಪ್ಪಿಕೊಂಡ ಮಿತಿ ಏನು, ಹಣ ಕೊಟ್ಟವರು ಯಾರು. ಔಷಧಿ ಕಂಪನಿಯ ಹಣವಿದ್ದರೆ ಪ್ರಬಂಧ ಸುಳ್ಳು ಎಂದಲ್ಲ, ಆದರೆ ಬರೆದಿಡಬೇಕು.

ಆಶಾ, ಅಂಗನವಾಡಿ ಗುಂಪುಗಳಲ್ಲಿ ಹಂಚುವವರಿಗೆ ಒಂದು ಕಳಕಳಿಯ ಮಾತು. ಒಂದು ಪ್ರಬಂಧ ಓದಿ ಯಾರ ಮಾತ್ರೆಯನ್ನೂ ನಿಲ್ಲಿಸಬೇಡಿ, ಹೊಸದನ್ನು ಶುರು ಮಾಡಿಸಬೇಡಿ. ಬಿಪಿ, ಸಕ್ಕರೆ, ಗರ್ಭಿಣಿಯರ ಕಬ್ಬಿಣದ ಮಾತ್ರೆ ವಿಷಯದಲ್ಲಂತೂ ಪ್ರಬಂಧದ ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ‘ಸರ್, ಇದು ನಮ್ಮ ರೋಗಿಗಳಿಗೆ ಹೊಂದುತ್ತದಾ?’ ಎಂದು ಕೇಳಿ. ಸಂದೇಶದ ಕೊನೆಗೆ ಡಿಓಐ ಹಾಕುವುದನ್ನು ಬಿಡಬೇಡಿ, ಮುಂದಿನವರು ತಾವೇ ತೆರೆದು ನೋಡಲಿ.